ಮತ್ಸ್ಯವಿನೋದವೂ ಕೃಷ್ಣಾತೀರದ ಕಾಲಮಾನವೂ

ಗಾಳ ಹಾಕಿ ಮೀನು ಹಿಡಿಯುವದೂ ಒಂದು ಶಾಸ್ತ್ರವೆಂದರೆ ಸುಶಿಕ್ಷಿತ ಗೃಹಸ್ಥರು ನಕ್ಕಾರು. ಹೊಳೆಯ ದಂಡೆಯಲ್ಲಿ ಕೋಲು ಹಿಡಿದು ಕುಳಿತವನನ್ನು ಮೈಗಳ್ಳನೆಂದು ಎಣಿಸುವದೇ ಊರವರ ವಾಡಿಕೆ. ಆದರೆ ಇದೇ ಕನ್ನಡನಾಡನ್ನು ಆಳಿದ ಚಕ್ರವರ್ತಿಯೊಬ್ಬನು ಈ ವಿಷಯಕ್ಕಾಗಿ ತನ್ನ ಮಹಾಗ್ರಂಥದಲ್ಲಿ ಒಂದು ಅಧ್ಯಾಯವನ್ನೇ ಮೀಸಲಾಗಿಟ್ಟಿರುವನೆಂಬದನ್ನು ಬಲ್ಲವರು ವಿರಳ. ಕಲ್ಯಾಣದ ಚಾಲುಕ್ಯ ವಂಶದ ಆರನೆಯ ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನು 1126ರಿಂದ 1138ರ ವರೆಗೆ ರಾಜ್ಯವಾಳಿದನು. ಭೂಲೋಕಮಲ್ಲನೆಂಬದು ಅವನ ಬಿರುದು. ಅವನು ರಚಿಸಿದ 'ಮಾನಸೋಲ್ಲಾಸ'ಕ್ಕೆ 'ಅಭಿಲಷಿತಾರ್ಥಚಿಂತಾಮಣಿ'ಯೆಂದು ಇನ್ನೊಂದು ಹೆಸರು. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳು, ಒಟ್ಟು ನೂರು ಅಧ್ಯಾಯಗಳು. ಗ್ರಂಥದೊಳಗೇ ಬರುವ ಶಕ 1051ನೆಯ ವರ್ಷದ ನಿರ್ದೇಶದಿಂದ ಅದು 1129ರ ಸುಮಾರಿನದೆಂದು ವಿದ್ವಾಂಸರು ನಿರ್ಣಯಿಸಿರುವರು. ರಾಜನು ಹೊತ್ತು ಕಳೆಯಬಹುದಾದ ವಿನೋದಗಳನ್ನು ವಿವರಿಸುವ ನಾಲ್ಕನೆಯ ವಿಂಶತಿಯಲ್ಲಿ ಗಜ, ಅಶ್ವ, ಮಲ್ಲ, ಮೃಗಯಾದಿಗಳ ಸಾಲಿನಲ್ಲಿಯೇ 'ಮತ್ಸ್ಯವಿನೋದ'ವೂ ಕುಳಿತಿರುವದು.

ಅಧ್ಯಾಯದಲ್ಲಿ ಏನಿದೆ? ಮೂವತ್ತಕ್ಕೂ ಮೇಲ್ಪಟ್ಟು ಮೀನುಗಳ ಹೆಸರುಗಳಿವೆ. ಸಮುದ್ರದವು ಯಾವುವು, ನದಿಯವು ಯಾವುವು. ಹುರುಪೆಯುಳ್ಳವು ಯಾವುವು, ಬರಿಯ ಚರ್ಮದವು ಯಾವುವು. ದೊಡ್ಡವು, ಚಿಕ್ಕವು ಎಂಬ ವಿಂಗಡಣೆಯಿದೆ. ಯಾವ ಮೀನಿಗೆ ಯಾವ ಆಹಾರವನ್ನು ಹಾಕಿ ಪಳಗಿಸಬೇಕು, ಗಾಳದ ಕೋಲು, ದಾರ, ಕೊಕ್ಕೆಗಳು ಹೇಗಿರಬೇಕು, ಎರೆ ಯಾವದು ಎಂಬವುಗಳ ವಿವರಣೆಯಿದೆ. ಇಂಗ್ಲಿಷ್ ಭಾಷೆಯಲ್ಲಿ ಗಾಳದ ವಿಷಯವಾಗಿ ಮೊದಲ ಪುಸ್ತಕವು ಅಚ್ಚಾದದ್ದು 1496ರಲ್ಲಿ. ಐಜಾಕ್ ವಾಲ್ಟನ್ನನ ಪ್ರಸಿದ್ಧ ಗ್ರಂಥವು 1653ರಲ್ಲಿ. ಹಾಗೆಂದು ಎದೆ ತಟ್ಟಿಕೊಳ್ಳುವ ಕಾರಣವೇನೂ ಇಲ್ಲ. ಆಂಗ್ಲರು ತಮ್ಮ ಪುಸ್ತಕಗಳನ್ನು ಓದುತ್ತ, ತಿದ್ದುತ್ತ, ಹೆಚ್ಚಿಸುತ್ತ ಬಂದರು. ಇಲ್ಲಿಯವರು ಚಕ್ರವರ್ತಿಯ ಪುಸ್ತಕವನ್ನು ಕಟ್ಟಿ ಅಟ್ಟದ ಮೇಲಿಟ್ಟರು. ಬರೋಡೆಯ ಗಾಯಕವಾಡ ಗ್ರಂಥಮಾಲೆಯಲ್ಲಿ ಅದು 1925ರಿಂದ 1961ರ ವರೆಗೆ ಮೂರು ಸಂಪುಟಗಳಾಗಿ ಹೊರಬರುವ ತನಕ ಮತ್ಸ್ಯವಿನೋದವು ಹಸ್ತಪ್ರತಿಗಳ ಒಳಗೆ ನಿದ್ರಿಸುತ್ತಿತ್ತು. 1951ರಲ್ಲಿ ಸುಂದರಲಾಲ ಹೋರಾ ಎಂಬ ಪ್ರಾಣಿಶಾಸ್ತ್ರಜ್ಞರು ಕಲಕತ್ತೆಯ ಏಶಿಯಾಟಿಕ್ ಸೊಸಾಯಿಟಿಯ ಪತ್ರಿಕೆಯಲ್ಲಿ ಈ ಅಧ್ಯಾಯದ ಪರಾಮರ್ಶೆ ಮಾಡಿದ ಬಳಿಕವೇ ಮೀನು ಬಲ್ಲವರ ದೃಷ್ಟಿಯು ಅತ್ತ ಹರಿಯಿತು.

ಗ್ರಂಥಕ್ಕೆ ಒಂದು ಕೊರತೆಯುಂಟು. ಅರಮನೆಯಲ್ಲಿ ಬೆಳೆದವನಿಗೆ ಯಾವ ಮೀನು ಯಾವ ಮಡುವಿನಲ್ಲಿ ಮಲಗುವದು, ಏನು ತಿನ್ನುವದು ಎಂಬದು ತಾನಾಗಿ ತಿಳಿಯುವದಿಲ್ಲ. ಧೀವರರಿಂದ ಕೇಳಿಯೇ ತಿಳಿಯಬೇಕು. ಆ ಧೀವರರು ಯಾರು, ಯಾವ ಹೊಳೆಯವರು ಎಂಬದಕ್ಕೆ ಅಲ್ಲಿ ಉತ್ತರವಿಲ್ಲ. ಅವರ ಅರಿವು ಗೀರ್ವಾಣ ಭಾಷೆಯ ಉಡುಪು ತೊಟ್ಟು ಪುಸ್ತಕವನ್ನು ಸೇರಿತು. ಅವರು ಮಾತ್ರ ಹೊಳೆಯ ದಂಡೆಯಲ್ಲಿಯೇ ಉಳಿದರು. ಅವರ ಮಾತಿನ ಹೆಸರುಗಳು ಹೋಗಿ ಸಂಸ್ಕೃತದ ಹೆಸರುಗಳು ಬಂದುದರಿಂದ, ಇಂದು ಗ್ರಂಥವನ್ನು ಓದುವವರಿಗೆ 'ಸಿಂಹತುಂಡಕ'ವೆಂದರೆ ಯಾವ ಮೀನು, 'ಖಂಡಾಲಿಪ'ವೆಂದರೆ ಯಾವದು ಎಂಬದು ಒಗಟಾಗಿಯೇ ಉಳಿದಿದೆ.

ಸಂಸ್ಕೃತ ಪಾಠಶಾಲೆಗಳಲ್ಲಿ ಈ ಒಗಟು ಹೊಸದಲ್ಲ. ಅಮರಕೋಶದ ವಾರಿವರ್ಗವನ್ನು ಕಂಠಪಾಠ ಮಾಡುವ ಬಾಲಕನು ರೋಹಿತ, ಮದ್ಗುರ, ಶಾಲ, ರಾಜೀವ, ಶಕುಲ ಎಂದು ಮೀನುಗಳ ಹೆಸರುಗಳನ್ನು ಗುಕ್ಕಿಲ್ಲದೆ ಒಪ್ಪಿಸುವನು. ಗಾಳಕ್ಕೆ ಬಡಿಶ, ಬಲೆಗೆ ಆನಾಯ, ಬೆಸ್ತರಿಗೆ ಕೈವರ್ತ, ದಾಶ, ಧೀವರ ಎಂದು ಪರ್ಯಾಯಪದಗಳನ್ನು ಹೇಳುವನು. ಅವುಗಳಲ್ಲಿ ಒಂದನ್ನಾದರೂ ಕಣ್ಣಾರೆ ಕಂಡಿರುವನೆಂಬ ಖಾತ್ರಿಯಿಲ್ಲ. ಕೂಡಲಸಂಗಮದ ದಂಡೆಯಲ್ಲಿ ಇಂಥ ಪಾಠಶಾಲೆಯಿಂದಲೇ ಬಂದ ಶಾಸ್ತ್ರಿಗಳೊಬ್ಬರು ಮುದುಕ ಅಂಬಿಗನೊಬ್ಬನನ್ನು ಹಿಡಿದು, 'ಪಾಠೀನ'ವೆಂಬ ಮೀನು ಯಾವದೆಂದು ವಿಚಾರಿಸಿದರಂತೆ. ಮುದುಕನು ಆ ಹೆಸರನ್ನು ಕೇಳಿಯೇ ಇರಲಿಲ್ಲ. ಅದಕ್ಕೆ 'ಸಹಸ್ರದಂಷ್ಟ್ರ'ವೆಂದೂ ಹೆಸರುಂಟು, ಅಂದರೆ ಸಾವಿರ ಹಲ್ಲಿನದು ಎಂದು ಶಾಸ್ತ್ರಿಗಳು ಬಿಡಿಸಿ ಹೇಳಿದೊಡನೆ ಅವನು ಹರಗೋಲಿನ ಹುಟ್ಟನ್ನು ಕೆಳಗಿಟ್ಟು ನಕ್ಕನು.

"ಅದೇನ ಕೇಳ್ತೀರಿ ಸ್ವಾಮ್ಯಾರ, ಅದು ನಮ್ಮ ಬಾಳಿ ಮೀನ. ಅದರ ಬಾಯಾಗಿನ ಹಲ್ಲ ಎಣಸಾಕ ಹ್ವಾದ್ರ ಬೆರಳ ಉಳ್ಯಾಂಗಿಲ್ರಿ."

"ಹಂಗಾದ್ರ ನಿಮ್ಮ ಹಿರ್ಯಾರೂ ಹಲ್ಲು ನೋಡಿಯೇ ಹೆಸರಿಟ್ಟಾರೇನು, ಅಜ್ಜಾ?"

"ನಮ್ಮ ಹಿರ್ಯಾರು ಮೈ ನೋಡಿ ಇಟ್ಟಿರಬೇಕ್ರಿ, ನಿಮ್ಮ ಹಿರ್ಯಾರು ಬಾಯಿ ನೋಡಿ ಇಟ್ಟಾರ."

ಬಾಳೆಮೀನು ಹುರುಪೆಯಿಲ್ಲದ, ಚಪ್ಪಟೆಯಾಗಿ ನೀಳವಾದ, ದವಡೆಯ ತುಂಬ ಸೂಜಿಹಲ್ಲುಗಳಿರುವ ಬಲಿಷ್ಠ ಮೀನು. ಪಾಠೀನವು ಅದೇ ಎಂದು ಹೇಳುವ ವಿದ್ವಾಂಸರೂ ಉಂಟು. ಅಂದರೆ ಕೋಶಕಾರನು ಬಿಟ್ಟ ಗಂಟನ್ನು ಅಂಬಿಗನು ಒಂದು ನಗೆಯಲ್ಲಿ ಬಿಚ್ಚಿದನು. ಇಂಥ ಮುದುಕರು ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳ ದಂಡೆಗುಂಟ ಇನ್ನೂ ಅಲ್ಲಲ್ಲಿ ಇರುವರು. ಸೋಮೇಶ್ವರನು ಕೇಳಿ ಬರೆಸಿದಂತೆ ಇವರನ್ನು ಕೇಳಿ ಬರೆದುಕೊಳ್ಳುವವರು ಕಾಣುವದಿಲ್ಲ.

ಈಗಿನ ತರುಣರಲ್ಲಿ ಗಾಳದ ಮೋಹವು ಇಲ್ಲದಿಲ್ಲ. ಆದರೆ ಅವರು ಓದುವದು ಪರದೇಶದ ಪುಸ್ತಕ, ನೋಡುವದು ಪರದೇಶದ ಚಿತ್ರ. ಅಲ್ಲಿ ಟ್ರೌಟ್ ಮತ್ತು ಬಾಸ್ ಎಂಬ ಮೀನುಗಳದೇ ವರ್ಣನೆ. ಗರಿ, ರೋಮ, ರೇಶಿಮೆಗಳನ್ನು ಕೊಕ್ಕೆಗೆ ಸುತ್ತಿ ನೊಣದ ಆಕೃತಿಯನ್ನು ಮಾಡುವರು. ಅದನ್ನು ಹಗುರವಾಗಿ ನೀರಿನ ಮೇಲೆ ಬೀಳಿಸಿದರೆ, ನಿಜವಾದ ನೊಣವೆಂದು ಭ್ರಮಿಸಿ ಟ್ರೌಟ್ ಮೇಲೆದ್ದು ಕಚ್ಚುವದು. ಯಾವ ತಿಂಗಳಲ್ಲಿ ಯಾವ ನೊಣವು ಹೊಳೆಯ ಮೇಲೆ ಏಳುವದೆಂಬ ಪಂಚಾಂಗವನ್ನೇ ಅವರು ಸಿದ್ಧಪಡಿಸಿಕೊಂಡಿರುವರು. ಕಲೆ ಸುಂದರವಾದದ್ದೇ. ಆದರೆ ಟ್ರೌಟಿಗೆ ಹಿಮದ ನೀರಿನಂಥ ತಂಪು ಬೇಕು. ಇಪ್ಪತ್ತು ಅಂಶ ಉಷ್ಣವನ್ನು ದಾಟಿದ ನೀರಿನಲ್ಲಿ ಅದಕ್ಕೆ ಉಸಿರು ಕಟ್ಟುವದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆಂಗ್ಲರು ಅದನ್ನು ಕಾಶ್ಮೀರಕ್ಕೂ ನೀಲಗಿರಿಗೂ ತಂದು ನೆಲೆಗೊಳಿಸಿದರು. ಹುನಗುಂದದ ಬಿಸಿಲಿನಲ್ಲಿ ಅದು ಒಂದು ದಿವಸವೂ ಬದುಕಲಾರದು. ಬಾಸ್ ಅಂತೂ ಅಮೇರಿಕದ ಕೆರೆಗಳ ಪ್ರಜೆ.

ಹಾಗಾದರೆ ಈ ಹೊಳೆಗಳಲ್ಲಿ ಅವುಗಳ ಸ್ಥಾನದಲ್ಲಿ ಯಾರಿರುವರು? ಹರಿಯುವ ನೀರಿನ ಟ್ರೌಟಿನ ಸ್ಥಾನವು ಮಹಶೀರಿಗೆ ಸಲ್ಲುವದು. ಕೃಷ್ಣೆಯ ಜಲಾನಯನಕ್ಕೆ ಸೇರಿದ ಪುಣೆಯ ಮುಳಾ-ಮುಠಾ ಹೊಳೆಯಿಂದಲೇ ಕರ್ನಲ್ ಸೈಕ್ಸನು 1839ರಲ್ಲಿ ದಖ್ಖನದ ಮಹಶೀರನ್ನು ಶಾಸ್ತ್ರಕ್ಕೆ ಪರಿಚಯಿಸಿದನು. ಶೃಂಗೇರಿಯ ತುಂಗೆಯ ಮೆಟ್ಟಿಲುಗಳಲ್ಲಿ ಯಾತ್ರಿಕರು ಮಂಡಕ್ಕಿ ಹಾಕಿ ನೋಡಿ ನಲಿಯುವ ದೊಡ್ಡ ಮೀನುಗಳಲ್ಲಿ ಮಹಶೀರೂ ಉಂಟು. ಭೀಮೆ, ತುಂಗಭದ್ರೆಗಳೆಲ್ಲ ಕಡೆಗೆ ಕೃಷ್ಣೆಯನ್ನೇ ಸೇರುವವು. ಸೋಮೇಶ್ವರನ ಪಟ್ಟಿಯಲ್ಲಿಯ 'ಮಹಾಶೀಲ'ವೇ ಮಹಶೀರೆಂದು ಊಹಿಸಲು ಮನಸ್ಸು ಎಳೆಯುವದು. ಆದರೆ ಶಬ್ದಸಾಮ್ಯವನ್ನು ನೆಚ್ಚಿ ನಡೆದವರು ಅನೇಕ ಸಲ ಹಳ್ಳಕ್ಕೆ ಬಿದ್ದಿರುವರಾದ್ದರಿಂದ ಅಷ್ಟಕ್ಕೇ ನಿಲ್ಲುವದು ಲೇಸು. ಇನ್ನು ಬಾಸಿನಂತೆ ಜೊಂಡಿನ ಮರೆಯಲ್ಲಿ ಹೊಂಚು ಹಾಕಿ ಎರಗುವ ಮೀನೆಂದರೆ ಕುಚ್ಚುಮೀನು. ಕಪ್ಪೆಯನ್ನು ಕಂಡರೆ ಬಿಡುವ ಜಾತಿಯಲ್ಲ.

ನೊಣದ ಗಾಳದ ಮೂಲತತ್ವವೂ ಈ ನಾಡಿಗೆ ಹೊಸದೆಂದು ತಿಳಿಯಲಾಗದು. ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ಹುತ್ತಗಳಿಂದ ರೆಕ್ಕೆಯ ಗೆದ್ದಲುಗಳು ಲಕ್ಷೋಪಲಕ್ಷವಾಗಿ ಏಳುವವು. ಗಾಳಿಗೆ ಸಿಕ್ಕಿ ನೀರಿನ ಮೇಲೆ ಬಿದ್ದವುಗಳಿಗಾಗಿ ಬೆಳ್ಳಿಯಂಥ ಸಣ್ಣ ಮೀನುಗಳು ಚಟಪಟನೆ ಹಾರುವವು. ಅವುಗಳ ಬೆನ್ನು ಹತ್ತಿ ದೊಡ್ಡವು ಬರುವವು. ಅಂಬಿಗರ ಹುಡುಗರು ಇದನ್ನು ನೋಡಿಯೇ ಆ ಸಂಜೆ ಎರೆಹುಳುವನ್ನು ಬಿಟ್ಟು ಗೆದ್ದಲು ಚುಚ್ಚಿ ಗಾಳ ಎಸೆಯುವರು. ಕೃತ್ರಿಮ ನೊಣವನ್ನು ಕಟ್ಟುವ ಕೆಲಸಕ್ಕೆ ಹೋಗುವದಿಲ್ಲ, ಅಷ್ಟೇ.

ಈ ಸೀಮೆಯ ಕಾಲಮಾನದಲ್ಲಿ ಹೊರಗಿನವರಿಗೆ ಸುಲಭವಾಗಿ ತಿಳಿಯದ ಒಂದು ವೈಚಿತ್ರ್ಯವಿದೆ. ಹೊಳೆಯ ಮಳೆಗಾಲವೇ ಬೇರೆ, ಹೊಲದ ಮಳೆಗಾಲವೇ ಬೇರೆ. ಕೃಷ್ಣೆಯು ಮಹಾಬಳೇಶ್ವರದಲ್ಲಿಯೂ ಮಲಪ್ರಭೆಯು ಕಣಕುಂಬಿಯಲ್ಲಿಯೂ ಹುಟ್ಟುವವು. ಘಟಪ್ರಭೆಯೂ ಸಹ್ಯಾದ್ರಿಯ ಮಗಳೇ. ಅಲ್ಲಿ ಪುನರ್ವಸು, ಪುಷ್ಯ ಮಳೆಗಳು ಕೊಡದಿಂದ ಸುರಿದಂತೆ ಸುರಿಯುವಾಗ ಬಾಗಲಕೋಟೆಯಲ್ಲಿ ಗಾಳಿ ಬೀಸಿ ಮೋಡ ಓಡುತ್ತಿರುವದು, ಒಂದು ಹನಿಯೂ ಬೀಳದು. ಬಾಯಾರಿದ ಹೊಲದ ಬದಿಯಲ್ಲಿಯೇ ಕೆಂಪು ಹೊಳೆ ದಂಡೆ ಮುಟ್ಟಿ ಹರಿಯುವದು. ಹುನಗುಂದ, ಇಳಕಲ್ಲುಗಳ ಹೊಲಕ್ಕೆ ನಂಬಿಕೆಯ ಮಳೆಯೆಂದರೆ ಹುಬ್ಬಾ, ಉತ್ತರಾ, ಹಸ್ತ. ಅಂದರೆ ಸೆಪ್ಟೆಂಬರ ತಿಂಗಳಿನ ಮಳೆ. ಅಷ್ಟರಲ್ಲಿ ಹೊಳೆಯ ಮಹಾಪೂರವು ಮುಗಿದಿರುವದು. ಆದಕಾರಣ ಹೊಳೆಯ ದಂಡೆಯ ಅಂಬಿಗನಿಗೂ ಇಳಕಲ್ಲಿನ ಕಡೆಯ ಕೆರೆ-ಹಳ್ಳಗಳಲ್ಲಿ ಗಾಳ ಹಾಕುವವನಿಗೂ ಋತು ಒಂದೇ ಅಲ್ಲ. ಒಬ್ಬನ ಸುಗ್ಗಿ ಮುಗಿದ ಮೇಲೆ ಇನ್ನೊಬ್ಬನದು ಮೊದಲಾಗುವದು.

ಅಂಬಿಗರು ವರ್ಷವನ್ನು ಎಣಿಸುವದು ಮೃಗಶಿರೆಯಿಂದ. ಜೂನ್ 7ರ ಸುಮಾರಿಗೆ ಸೂರ್ಯನು ಆ ನಕ್ಷತ್ರವನ್ನು ಪ್ರವೇಶಿಸುವನು. ಆಗಲೋ, ಆರಿದ್ರೆಯಲ್ಲಿಯೋ ಘಟ್ಟದ ಮೊದಲ ನೀರು ಬರುವದು. ಇದಕ್ಕೆ 'ಹೊಸ ನೀರು' ಎಂದು ಹೆಸರು. ಬೇಸಿಗೆಯ ತಿಳಿನೀರಿನ ಮೇಲೆ ಕಸಕಡ್ಡಿ, ನೊರೆ, ಮಣ್ಣಿನ ವಾಸನೆ ಹೊತ್ತು ಕೆಂಪು ಅಂಚೊಂದು ಮೆಲ್ಲನೆ ಮುಂದೆ ಸರಿಯುವದನ್ನು ಕಂಡವರು ಮರೆಯಲಾರರು. ನೀರು ತಂಪಾಗುವದು, ಏರುವದು, ಕದಡುವದು. ಈ ಮೂರೂ ಕೂಡಿದಾಗ ಹೊಳೆಯ ಮೀನಿನ ಹೊಟ್ಟೆಯೊಳಗಿನ ತತ್ತಿ ಪಕ್ವವಾಗುವದೆಂದು ಶಾಸ್ತ್ರಜ್ಞರು ಹೇಳುವರು. ಅದೇ ಮುದುಕ ಅಂಬಿಗನ ಮಾತು ಬೇರೆ. "ಹೊಸ ನೀರಿನ ವಾಸನಿ ಬಡೀತಂದ್ರ ಮೀನ ನಿಂದ್ರೂದಿಲ್ರಿ. ಪಂಚಮಿಗೆ ತವರಿಗೆ ಹೊಂಟ ಹೆಣ್ಣಮಗಳಂಗ ಮ್ಯಾಲ ಮ್ಯಾಲ ಹೊಕ್ಕಾವು." ನಾಗರಪಂಚಮಿಯ ಹೊತ್ತಿಗೇ ಪೂರವೂ ತುಂಬಿ ಬರುವದಾದ್ದರಿಂದ ಅವನ ಉಪಮೆಯಲ್ಲಿ ಕಾಲನಿರ್ದೇಶವೂ ಅಡಗಿದೆ. ಗೆಂಡೆಯ ಜಾತಿಯ ಮೀನುಗಳು ಪ್ರವಾಹಕ್ಕೆ ಇದಿರಾಗಿ ಏರಿ, ದಂಡೆಯ ಹುಲ್ಲು ಮುಳುಗಿದ ತೆಳು ನೀರಿನಲ್ಲಿ ತತ್ತಿ ಬಿಡುವವು.

ಗಾಳಕ್ಕೆ ಅದು ಕಾಲವಲ್ಲ. ಕೆಂಪು ನೀರಿನಲ್ಲಿ ಮೀನು ಎರೆಯನ್ನು ಕಾಣದು. ಕಂಡರೂ ತತ್ತಿಯಿರುವ ಮೀನಿಗೆ ಹಸಿವಿನ ಕಡೆಗೆ ಲಕ್ಷ್ಯವಿರದು. ಆದರೆ ಕೂಳಿ ಒಡ್ಡುವವರಿಗೂ ಬೀಸುಬಲೆಯವರಿಗೂ ಅದೇ ಕೊಳ್ಳೆಯ ಕಾಲ. ಏರುವ ಮೀನು ದಾರಿ ಬಿಟ್ಟು ಹೋಗದಾದ್ದರಿಂದ, ಹಳ್ಳದ ಬಾಯಿಗೆ ಕೂಳಿ ಇಟ್ಟವನಿಗೆ ರಾತ್ರಿ ಬೆಳಗಾಗುವದರಲ್ಲಿ ಬುಟ್ಟಿ ತುಂಬುವದು. ಹೀಗೆ ಹಿಡಿದ ಒಂದೊಂದು ಹೆಣ್ಣುಮೀನಿನೊಡನೆ ಲಕ್ಷಾವಧಿ ತತ್ತಿಗಳು ಹೋಗುವವೆಂಬದನ್ನು ಹಳೆಯ ಅಂಬಿಗರು ಬಲ್ಲರು. ಬಲ್ಲವರೆಲ್ಲರೂ ಅದರಂತೆ ನಡೆದರೆಂದೇನೂ ಅಲ್ಲ. ಹಸಿದ ಹೊಟ್ಟೆಯೂ ಒಂದು ಶಾಸ್ತ್ರವನ್ನು ಹೇಳುವದಷ್ಟೇ.

ಮಘೆಯ ನಂತರ ನೀರು ಇಳಿಯತೊಡಗುವದು. ಹಸ್ತ, ಚಿತ್ತೆಗಳಲ್ಲಿ ಹೊಳೆಯು ಹಾಲು ಬೆರೆತ ಚಹದ ಬಣ್ಣಕ್ಕೆ ಬಂದು, ಸ್ವಾತಿಯ ವೇಳೆಗೆ ಎಳೆಹಸುರಾಗುವದು. ಗಾಳದವನ ಹಬ್ಬವು ಇಲ್ಲಿಂದ. ದೀಪಾವಳಿಯಿಂದ ಎಳ್ಳಮಾವಾಸ್ಯೆಯ ವರೆಗಿನ ಎರಡು ತಿಂಗಳು ಈ ಹೊಳೆಗಳಲ್ಲಿ ಅತ್ಯುತ್ತಮ ಕಾಲ. ಜೋಳದ ಹಿಟ್ಟನ್ನು ಬೇಯಿಸಿ ನಾದಿ, ಹುರಿದ ಕಡಲೆಯ ಪುಡಿ ಸೇರಿಸಿ ಕಟ್ಟಿದ ಉಂಡೆಗೆ ಗೆಂಡೆಗಳು ಬರುವವು. ನಾಲ್ಕು ದಿವಸ ಒಂದೇ ಜಾಗದಲ್ಲಿ ಉಂಡೆ ಚೆಲ್ಲಿ ರೂಢಿ ಮಾಡಿ, ಐದನೆಯ ದಿವಸ ಅದರೊಳಗೆ ಕೊಕ್ಕೆ ಅಡಗಿಸುವದು ಅಂಬಿಗರ ಪದ್ಧತಿ. ಮೀನಿಗೆ ಮೊದಲು ಉಣಿಸಿ ಆಮೇಲೆ ಹಿಡಿಯುವ ಕ್ರಮವನ್ನೇ ಚಕ್ರವರ್ತಿಯೂ ಹೇಳಿರುವನು. ಒಂಬತ್ತು ಶತಮಾನ ಕಳೆದರೂ ಉಂಡೆ ಉಂಡೆಯಾಗಿಯೇ ಉಳಿದಿದೆ. ಬಾಳೆಮೀನಿಗೆ ಮಾತ್ರ ಹಿಟ್ಟು ರುಚಿಸದು. ಅದಕ್ಕೆ ಸಣ್ಣ ಮೀನೋ ಕಪ್ಪೆಯೋ ಬೇಕು, ಅದೂ ಕತ್ತಲಾದ ಮೇಲೆ. ಮಾಘಮಾಸದ ಚಳಿಯಲ್ಲಿ ಮೀನು ಮಂದವಾಗಿ ಆಳದಲ್ಲಿ ಮಲಗುವದು. ಆಗ ಬಿಸಿಲೇರಿದ ನಂತರ ಹೋದರೆ ಸಾಕು, ನಸುಕಿನಲ್ಲಿ ಎದ್ದು ನಡುಗುವ ಅಗತ್ಯವಿಲ್ಲ.

ಶಿವರಾತ್ರಿಯಿಂದ ಮುಂದೆ ಮಲಪ್ರಭೆಯು ಹರಿವನ್ನು ಕಳೆದುಕೊಂಡು ಮಡುಗಳ ಸಾಲಾಗುವದು. ಬಂಡೆಗಳ ನೆರಳಿನ ಮಡುಗಳಲ್ಲಿ ಮೀನೆಲ್ಲ ಒಟ್ಟುಗೂಡುವದು. ಕೆರೆಗಳು ಬತ್ತಿದಾಗಲೂ ಕುಚ್ಚುಮೀನಿಗೆ ಭಯವಿಲ್ಲ. ಅದು ಬಾಯಿ ಹೊರಗೆ ಚಾಚಿ ಗಾಳಿಯನ್ನೇ ನುಂಗುವ ಮೀನಾದ್ದರಿಂದ ಕೆಸರಿನಲ್ಲಿ ಹುದುಗಿ ದಿನ ನೂಕುವದು. ಮುಂದೆ ಮಳೆ ಬಿದ್ದೊಡನೆ ಜೊಂಡಿನ ನಡುವೆ ಗೂಡು ಮಾಡಿ ತತ್ತಿಯಿಟ್ಟು, ಗಂಡು ಹೆಣ್ಣು ಎರಡೂ ಕಾವಲು ನಿಲ್ಲುವವು. ಮರಿಗಳು ಕೆಂಬಣ್ಣದ ಮುದ್ದೆಯಾಗಿ ನೀರಿನ ಮೇಲೆ ಚಲಿಸುವಾಗ ತಾಯಿತಂದೆಗಳು ಕೆಳಗೆ ಸುತ್ತುತ್ತಿರುವವು. ಹತ್ತಿರ ಬಂದುದನ್ನೆಲ್ಲ, ಅದು ಆಹಾರವಾಗಿರಲಿ ಕಟ್ಟಿಗೆಯ ತುಂಡಾಗಿರಲಿ, ಕೋಪದಿಂದ ಕಚ್ಚುವವು. ಈ ಸಿಟ್ಟನ್ನೇ ಸಾಧನವಾಗಿ ಮಾಡಿಕೊಂಡು ಮರಿಮುದ್ದೆಯ ನಡುವೆ ಗಾಳ ಬಿಡುವವರುಂಟು. ತಾಯಿ ಸಿಕ್ಕುವದು, ಸಂಜೆಯೊಳಗೆ ಮರಿಗಳನ್ನು ಬೇರೆ ಮೀನುಗಳು ಮುಗಿಸುವವು. ಇದನ್ನು ಕೌಶಲವೆಂದು ಕೊಂಡಾಡುವವರನ್ನು ಏನೆನ್ನಬೇಕೋ ವಾಚಕರೇ ನಿರ್ಣಯಿಸಲಿ.

ಈ ಮಾತು ಬಂದಾಗ, ಜೀವಹಿಂಸೆಯ ವಿನೋದವನ್ನು ಸತ್ಪತ್ರಿಕೆಯ ಪುಟಗಳಲ್ಲಿ ಚರ್ಚಿಸುವದೇಕೆಂದು ಸಾತ್ವಿಕರಾದ ವಾಚಕರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಸೋಮೇಶ್ವರನು ಗ್ರಂಥ ಬರೆದ ಕೆಲವೇ ದಶಕಗಳಲ್ಲಿ ಅದೇ ಕಲ್ಯಾಣದಲ್ಲಿ, ಕೂಡಲಸಂಗಮದಿಂದ ಹೋದ ಬಸವಣ್ಣನವರು ದಯೆಯನ್ನು ಸಾರಿದರು. ಅಂಬಿಗರ ಕುಲದ ಚೌಡಯ್ಯನೂ ಆ ಶರಣರ ಗೋಷ್ಠಿಯವನೇ. ಅಂದು ಕಲ್ಯಾಣದಲ್ಲಿ ವಿನೋದಕ್ಕೂ ದಯೆಗೂ ನಡುವೆ ತೊಡಗಿದ ವಾದವು ಇಂದಿಗೂ ಮುಗಿದಿಲ್ಲ. ಆದರೆ ಈಗಿನ ಪರಿಸ್ಥಿತಿಯಲ್ಲಿ ಮೀನಿಗೆ ಗಾಳಕ್ಕಿಂತ ದೊಡ್ಡ ಅಪಾಯವು ಬೇರೆಯಿರುವದು. ಸಿಡಿಮದ್ದು, ವಿಷಗಳಿಂದ ಮೀನು ಹಿಡಿಯಬಾರದೆಂದು 1897ರಲ್ಲಿಯೇ ಹಿಂದುಸ್ಥಾನದ ಸರಕಾರವು ಕಾಯಿದೆ ಮಾಡಿತು. ಬತ್ತುತ್ತಿರುವ ಮಡುವಿಗೆ ಪುಡಿ ಬೆರೆಸಿದರೆ ಹಿಡಿಯತಕ್ಕದ್ದು, ಬಿಡತಕ್ಕದ್ದು ಎಂಬ ಭೇದವಿಲ್ಲದೆ ಎಲ್ಲವೂ ತೇಲುವದು. ಗಾಳ ಹಿಡಿದವನು ಒಂದೇ ಮೀನನ್ನು ಒಲಿಸಿಕೊಳ್ಳುತ್ತಾನೆ. ಹಿಡಿದದ್ದನ್ನು ಮರಳಿ ನೀರಿಗೆ ಬಿಡುವ ವ್ರತವುಳ್ಳವರೂ ಅವರಲ್ಲಿ ಈಗ ಇರುವರು. ಮಂಗಳೂರಿನಲ್ಲಿ 1873ರಲ್ಲಿ ಅಚ್ಚಾದ 'ದಿ ರಾಡ್ ಇನ್ ಇಂಡಿಯಾ' ಎಂಬ ಗ್ರಂಥವನ್ನು ಬರೆದ ಎಚ್. ಎಸ್. ಥಾಮಸನು ಗಾಳದ ಪ್ರೇಮಿಯೂ ಹೌದು, ಮರಿಮೀನುಗಳ ನಾಶದ ವಿರುದ್ಧ ಸರಕಾರಕ್ಕೆ ಬರೆದ ಅಧಿಕಾರಿಯೂ ಹೌದು.

ಇಷ್ಟು ಹೊತ್ತು ವರ್ಣಿಸಿದ ಕಾಲಮಾನವು ಬಹುಮಟ್ಟಿಗೆ ಮುದುಕರ ನೆನಪಿನದು. ಘಟಪ್ರಭೆಗೆ ಹಿಡಕಲ್ಲಿನಲ್ಲಿಯೂ ಮಲಪ್ರಭೆಗೆ ನವಿಲುತೀರ್ಥದಲ್ಲಿಯೂ 1970ರ ದಶಕದಲ್ಲಿ ಅಣೆಕಟ್ಟುಗಳು ಎದ್ದವು. ಕೃಷ್ಣೆಗೆ 1982ರಲ್ಲಿ ನಾರಾಯಣಪುರದ ಕಟ್ಟೆಯಾಯಿತು. 1964ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿಯು ಶತಮಾನದ ಕೊನೆಗೆ ನೀರು ಹಿಡಿಯತೊಡಗಿತು. 519.6 ಮೀಟರಿನ ಮಟ್ಟಕ್ಕೆ ಅದರಲ್ಲಿ 123 ಟಿಎಂಸಿ ನೀರು ನಿಲ್ಲುವದು. ಘಟಪ್ರಭೆಯ ದಂಡೆಯ ಹಳೆಯ ಬಾಗಲಕೋಟೆಯ ಓಣಿಗಳು ಹಿನ್ನೀರಿಗೆ ಸಂದು ನವನಗರ ಹುಟ್ಟಿತು. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪದ ಸುತ್ತ ಬಾವಿಯಂತೆ ಗೋಡೆ ಕಟ್ಟಿ ನೀರನ್ನು ಹೊರಗಿಡಬೇಕಾಯಿತು. ಹೊಲಗಳಿಗೆ ನೀರು ಬಂದಿತು, ವಿದ್ಯುತ್ತು ಬಂದಿತು. ಒಕ್ಕಲಿಗನ ಮುಖದಲ್ಲಿಯ ಕಳೆಯನ್ನು ಕಂಡವರು ಕಟ್ಟೆಗಳನ್ನು ಶಪಿಸಲಾರರು. ಆದರೆ ಹೊಸ ನೀರು? ಘಟ್ಟದ ಮೊದಲ ನೀರನ್ನು ಬೇಸಿಗೆಯಲ್ಲಿ ಬರಿದಾದ ಜಲಾಶಯವೇ ನುಂಗುವದು. ಕೆಳಗಿನ ಹೊಳೆಗೆ ಮೃಗಶಿರೆಯೂ ತಿಳಿಯದು, ಆರಿದ್ರೆಯೂ ತಿಳಿಯದು. ಜಲಾಶಯವು ತುಂಬಿದ ಮೇಲೆ ಒಮ್ಮೆಲೇ ಬಾಗಿಲು ತೆರೆದಾಗ ಪೂರವು ಬರುವದು. ಬಾಗಿಲು ಮುಚ್ಚಿದಾಗ ಇಳಿಯುವದು. ದಂಡೆಯ ಹುಲ್ಲಿನಲ್ಲಿ ಬಿಟ್ಟ ತತ್ತಿಗಳು ಅಲ್ಲಿಯೇ ಒಣಗುವವು. ಏರಿ ಹೋಗಬೇಕೆಂದ ಮೀನಿಗೆ ಕಲ್ಲಿನ ಗೋಡೆ ಇದಿರಾಗುವದು. ಕಲ್ಲುಹಾಸಿನ ಹರಿನೀರಿನಲ್ಲಿ ಮಾತ್ರ ತತ್ತಿಯಿಡುವ ಮಹಶೀರಿಗೆ ಅದಕ್ಕಿಂತ ದೊಡ್ಡ ಸಂಕಟವಿಲ್ಲ.

ಜಲಾಶಯಗಳಲ್ಲಿ ಮೀನಿಲ್ಲವೇ ಎಂದರೆ, ಬೇಕಾದಷ್ಟಿದೆ. ಕಾಟ್ಲಾ, ರೋಹು, ಮೃಗಾಲಗಳ ಮರಿಗಳನ್ನು ಮೀನುಗಾರಿಕೆಯ ಇಲಾಖೆಯವರು ತಂದು ಬಿಡುವರು. ಕಾಟ್ಲಾ ಮೇಲ್ನೀರಿನಲ್ಲಿ, ರೋಹು ನಡುನೀರಿನಲ್ಲಿ, ಮೃಗಾಲ ತಳದಲ್ಲಿ ಮೇಯುವವಾದ್ದರಿಂದ ಒಂದೇ ಮನೆಯಲ್ಲಿ ಮೂರು ಅಂತಸ್ತಿನ ಬಾಡಿಗೆದಾರರಂತೆ ಜಗಳವಿಲ್ಲದೆ ಬಾಳುವವು. ಆದರೆ ಇವು ಗಂಗೆಯ ಸೀಮೆಯ ಮೀನುಗಳು. ಸೋಮೇಶ್ವರನು 'ರೋಹಿತ'ವೆಂದದ್ದು ಕೃಷ್ಣೆಯ ಬೇರೆ ಯಾವದೋ ಗೆಂಡೆಯಾಗಿರಬೇಕು. ಇಂದಿನ ರೋಹು ಇಲಾಖೆಯ ಬಂಡಿಯಲ್ಲಿ ಬಂದ ಅತಿಥಿ. ಹರಿಯುವ ಹೊಸ ನೀರಿಲ್ಲದೆ ಇವೂ ತತ್ತಿ ಬಿಡವು. ಆದುದರಿಂದ ತತ್ತಿಯ ಮೀನಿಗೆ ಬೇರೆ ಮೀನಿನ ಮೆದುಳಿನ ಗ್ರಂಥಿಯ ರಸವನ್ನು ಚುಚ್ಚಿ ತತ್ತಿ ಬಿಡಿಸುವ ಉಪಾಯವನ್ನು 1957ರ ಜುಲೈ 10ರಂದು ಹೀರಾಲಾಲ ಚೌಧರಿಯವರು ಸಾಧಿಸಿದರು. ಆ ದಿವಸವನ್ನು ಮೀನು ಸಾಕುವವರ ದಿನವೆಂದು ದೇಶವು ಆಚರಿಸುತ್ತಿರುವದು. ಮೃಗಶಿರೆಯ ಮಳೆಯು ಮಾಡುತ್ತಿದ್ದ ಕೆಲಸವನ್ನು ಸೂಜಿಯು ಮಾಡಿತು! ಸಾಧನೆಯು ಅದ್ಭುತವೇ ಸರಿ. ಲಕ್ಷಾಂತರ ಜನರ ಅನ್ನವು ಅದರಿಂದ ನಡೆದಿದೆ. ಇತ್ತ 1952ರಲ್ಲಿ ದೇಶಕ್ಕೆ ಬಂದ ತಿಲಾಪಿಯಕ್ಕೆ, ಎಂದರೆ ಪೇಟೆಯ ಜನರು ಜಿಲೇಬಿಯೆಂದು ಕರೆಯುವ ಮೀನಿಗೆ, ಸೂಜಿಯೂ ಬೇಡ, ಪೂರವೂ ಬೇಡ. ತತ್ತಿಗಳನ್ನು ಬಾಯಿಯಲ್ಲಿಯೇ ಇಟ್ಟುಕೊಂಡು ಮರಿ ಮಾಡುವದು. ನಿಂತ ನೀರಿನ ರಾಜ್ಯದಲ್ಲಿ ಅದೇ ಪಟ್ಟವೇರಿದರೆ ಆಶ್ಚರ್ಯವೇನು?

ಗಾಳದವನ ಪಂಚಾಂಗವೂ ಇದರೊಡನೆ ತಿರುಗಿಬಿದ್ದಿದೆ. ಹಿನ್ನೀರು ಸೆಪ್ಟೆಂಬರಿನಲ್ಲಿ ತುಂಬಿ ಹೊಲಗಳ ಮೇಲೆ ಹರಡಿಕೊಂಡಾಗ ಮೀನು ಚದುರಿಹೋಗುವದು. ಕಾಲುವೆಗಳಿಗೆ ನೀರು ಬಿಟ್ಟು ಮಟ್ಟ ಇಳಿದಂತೆಲ್ಲ ಒಟ್ಟಾಗುವದು. ಆದ್ದರಿಂದ ಬಾಗಲಕೋಟೆಯ ಹಿನ್ನೀರಿನಲ್ಲಿ ಒಳ್ಳೆಯ ದಿವಸಗಳು ಈಗ ಫಾಲ್ಗುಣ-ಚೈತ್ರಗಳಿಗೆ ಜಾರಿರುವವು. ನೀರಿನಡಿಯ ಹಳೆಯ ಗೋಡೆ, ಬಾವಿಯ ಕಟ್ಟೆ, ಜಾಲಿಯ ಮರಗಳ ಬುಡದಲ್ಲಿ ಮೀನು ನೆರಳು ಹಿಡಿಯುವದು. ಊರಿನ ಹಳೆಯ ನಕಾಶೆಯನ್ನು ಬಲ್ಲವನೇ ಈಗ ಒಳ್ಳೆಯ ಗಾಳಗಾರನು. ತನ್ನ ಸೋದರಮಾವನ ಹಿತ್ತಿಲೆಲ್ಲಿತ್ತೆಂದು ನೆನಪಿದ್ದರೆ ಅಲ್ಲಿ ಗಾಳ ಬಿಡುವನು. 2010ರಲ್ಲಿ ನ್ಯಾಯಮಂಡಳಿಯು ಆಲಮಟ್ಟಿಯನ್ನು 524.256 ಮೀಟರಿನ ವರೆಗೆ ಏರಿಸಲು ಸಮ್ಮತಿಸಿತಾಗಿ, ಅದು ಕೈಗೂಡಿದ ದಿವಸ ಈ ನಕಾಶೆಗೆ ಮತ್ತಷ್ಟು ಹಿತ್ತಿಲುಗಳು ಸೇರುವವು.

ಬಾದಾಮಿಯಲ್ಲಿ ಹೊಳೆಯಿಲ್ಲ, ಅಗಸ್ತ್ಯತೀರ್ಥವಿದೆ. ಅದರ ಮೇಲಣ ಬೆಟ್ಟದ ಎರಡನೆಯ ಗುಹಾಲಯದ ಛಾವಣಿಯಲ್ಲಿ ಹದಿನಾರು ಮೀನುಗಳನ್ನೇ ಅರಗಳನ್ನಾಗಿ ಮಾಡಿದ ಚಕ್ರವೊಂದನ್ನು ಶಿಲ್ಪಿಯು ಕೊರೆದಿರುವನು. ನೆರೆಯ ಮೂರನೆಯ ಗುಹೆಗೆ 578ರ ಶಾಸನವಿರುವದರಿಂದ ಇದೂ ಹೆಚ್ಚುಕಡಮೆ ಆ ಕಾಲದ್ದೇ. ಸೋಮೇಶ್ವರನಿಗಿಂತ ಐದು ಶತಮಾನಗಳ ಹಿಂದೆ ಮೀನನ್ನು ಗಮನಿಸಿ ನೋಡಿದವನೊಬ್ಬನು ಇಲ್ಲಿದ್ದನು. ಪ್ರವಾಸಿಗಳು ನೆಲದ ಮೇಲಿನ ವಿಗ್ರಹಗಳನ್ನು ನೋಡಿ ತಲೆಯೆತ್ತದೆ ಹೋಗುವದೇ ಹೆಚ್ಚು.

ಮಲಪ್ರಭೆಯು ಪಟ್ಟದಕಲ್ಲಿನಲ್ಲಿ ಉತ್ತರಾಭಿಮುಖವಾಗಿ ಹರಿದು ಐಹೊಳೆಯ ಕಡೆಗೆ ತಿರುಗುವದು. ಎಷ್ಟೋ ಬೇಸಿಗೆಗಳಲ್ಲಿ ಅಲ್ಲಿ ಹುಡುಗರು ಹೊಳೆಯ ಪಾತ್ರದಲ್ಲಿಯೇ ಚೆಂಡು ಆಡುವರು. 2009ರ ಅಕ್ಟೋಬರಿನ ಆರಂಭದಲ್ಲಿಯೂ 2019ರ ಆಗಸ್ಟಿನಲ್ಲಿಯೂ ಮಾತ್ರ ಹೊಳೆಯು ತನ್ನ ಹಳೆಯ ಮೇರೆಗಳನ್ನು ನೆನೆದುಕೊಂಡಿತು. ಎರಡನೆಯ ಸಲ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ನೀರು ನುಗ್ಗಿ ಊರಿನವರು ಮನೆ ಬಿಟ್ಟು ಓಡಬೇಕಾಯಿತು. ಆ ಪೂರ ಇಳಿದ ತರುವಾಯ ಮಡುಗಳಲ್ಲಿ, ಬಹಳ ವರ್ಷ ಕಾಣದಿದ್ದ ಮೀನುಗಳು ಸಿಕ್ಕವೆಂದು ದಂಡೆಯವರು ಹೇಳುವರು. ಯಾವ ಯಾವ ಮೀನೆಂದು ಕೇಳಿದರೆ ಒಬ್ಬೊಬ್ಬನು ಒಂದೊಂದು ಹೆಸರನ್ನು ಹೇಳುವನು. ಅವುಗಳಲ್ಲಿ ಕೆಲವು ಯಾವ ಕೋಶದಲ್ಲಿಯೂ ಇಲ್ಲ. ತರುಣರಿಗೆ ಆ ಹೆಸರುಗಳು ಬಾರವು. ಅವರು ಎಲ್ಲದಕ್ಕೂ ರೋಹು ಎಂದೋ ಜಿಲೇಬಿ ಎಂದೋ ಹೇಳಿ ಮುಗಿಸುವರು. ಹೆಸರು ಬಲ್ಲ ಮುದುಕರು ಐಹೊಳೆಯಿಂದ ಸಂಗಮದ ವರೆಗಿನ ದಂಡೆಯ ಊರುಗಳಲ್ಲಿ ಊರಿಗೆ ಒಬ್ಬಿಬ್ಬರು ಉಳಿದಿದ್ದರೆ ಹೆಚ್ಚು. ಮಧ್ಯಾಹ್ನದ ಹೊತ್ತು ಅವರು ಗುಡಿಯ ಕಟ್ಟೆಯ ಮೇಲೆ ಬಲೆ ನೇಯುತ್ತ ಕುಳಿತಿರುವರು. ಮಾತನಾಡಿಸಿದರೆ ಎದ್ದು ಹೋಗುವವರಲ್ಲ.